ಒಂದು ಊರಿಗೆ ಒಂದೇ ಹಾಳೆ

ಕೊರೊನಾ ಮುಗಿದು ಶಾಲೆ, ಕಚೇರಿಗಳು ಮತ್ತೆ ಬಾಗಿಲು ತೆರೆದ ವರ್ಷದ ಮಾತು. ಸಿಂಧನೂರಿನಲ್ಲಿ ನನ್ನದು ಬೈಂಡಿಂಗ್ ಅಂಗಡಿ. ಗಂಡನಿಂದ ಕಲಿತ ಕಸುಬು. ಅವನು ಹೋದ ಮೇಲೆ ನಾನೇ ನಡೆಸಿದೆ. ಈಗ ಸೊಸೆ ನಡೆಸುತ್ತಾಳೆ, ನಾನು ಪಕ್ಕದಲ್ಲಿ ಕುಳಿತು ತಪ್ಪು ಹುಡುಕುತ್ತೇನೆ.

ನಾನು ಮೂರನೇ ಇಯತ್ತೆಗೇ ಸಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಬೈಂಡಿಂಗಿಗೆ ಅದಕ್ಕಿಂತ ಹೆಚ್ಚು ಓದು ಬೇಕಿಲ್ಲ. ಹಾಳೆಗಳ ಅಂಚು ಸಮ ಮಾಡಬೇಕು, ದಾರ ಹಾಕಿ ಹೊಲಿಯಬೇಕು, ರಟ್ಟು ಕೂಡಿಸಬೇಕು, ಭಾರ ಹೇರಿ ಒಣಗಿಸಬೇಕು. ಅಂಟು ಮಾತ್ರ ಸರಿಯಾಗಿ ಕಾಯಿಸಲು ಬರಬೇಕು. ಮೈದಾಹಿಟ್ಟು, ನೀರು, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತು. ಗಂಟಾದರೆ ಪುಸ್ತಕ ಗಂಟಾಗುತ್ತದೆ. ಇಷ್ಟೇ ನನ್ನ ವಿದ್ಯೆ.

ಒಂದು ದಿನ ನಿರ್ಮಲಾ ಮೇಡಂ ಅಂಗಡಿಗೆ ಬಂದರು. ಸಿಂಧನೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ರಿಟೈರ್ ಆದವರು. ಆ ಕಾಲೇಜಿನ ಲೈಬ್ರರಿ ಪುಸ್ತಕಗಳಿಗೆ ನಾನೇ ರಟ್ಟು ಹಾಕುತ್ತಿದ್ದುದರಿಂದ ಮುಖಪರಿಚಯ ಇತ್ತು. ಅವರ ಯಜಮಾನರು ಶರಣಪ್ಪ ಸರ್ ಲಿಂಗಸುಗೂರಿನಲ್ಲಿ ಇತಿಹಾಸದ ಲೆಕ್ಚರರ್ ಆಗಿದ್ದವರು. ಇಬ್ಬರೂ ಮನೆ ಮಾಡಿದ್ದು ಎರಡೂ ಊರಿಗೆ ನಡುವೆ ಬರುವ ಮಸ್ಕಿಯಲ್ಲಿ. ಬೆಳಿಗ್ಗೆ ಅವರು ಒಂದು ದಿಕ್ಕಿನ ಬಸ್ಸು, ಇವರು ಇನ್ನೊಂದು ದಿಕ್ಕಿನ ಬಸ್ಸು. ಇವರ ಸಂಸಾರ ಬಸ್‌ಸ್ಟ್ಯಾಂಡಿನಲ್ಲೇ ನಡೆಯುತ್ತದೆ ಎಂದು ಮಸ್ಕಿಯ ಮಂದಿ ನಗುತ್ತಿದ್ದರಂತೆ. ಆ ವರ್ಷ ಸರ್ ತೀರಿಕೊಂಡಿದ್ದರು.

ಸರ್ ಹಳ್ಳಿ ಹಳ್ಳಿ ತಿರುಗಿ ಕಲ್ಲಿನ ಮೇಲಿನ ಹಳೆಯ ಬರಹಗಳನ್ನು ಬರೆದುಕೊಂಡು ಬಂದಿದ್ದರು. ಅದಕ್ಕೆ ಶಾಸನ ಎನ್ನುತ್ತಾರೆ. ಆ ಹಾಳೆಗಳನ್ನು ದೂರದ ಊರಿನ ಒಂದು ಸಂಶೋಧನಾ ಕೇಂದ್ರ ಇಟ್ಟುಕೊಳ್ಳಲು ಒಪ್ಪಿತ್ತು, ಪುಸ್ತಕವನ್ನೂ ತರುವವರಿದ್ದರು. ಅಲ್ಲಿ ಕೆಲಸ ಮಾಡುವ ಚನ್ನಬಸವ ಎಂಬ ಸರ್‌ರ ಹಳೆಯ ಶಿಷ್ಯ ಬಂದು ಎಲ್ಲ ಹಾಳೆಗಳನ್ನು ಸ್ಕ್ಯಾನ್ ಮಾಡಿಕೊಂಡು, "ಗಟ್ಟಿ ಮಾಡಿಸಿ, ಬೈಂಡ್ ಮಾಡಿಸಿ ಕಳಿಸ್ರಿ" ಎಂದು ಹೇಳಿ ಹೋಗಿದ್ದ.

ಹಾಳೆಗಳನ್ನು ಅಂಗಡಿಗೆ ತರುವಂತಿರಲಿಲ್ಲ. ಕೆಂಪಗಾಗಿ, ಮಡಿಚಿದ ಕಡೆ ಹಪ್ಪಳದಂತೆ ಮುರಿಯುತ್ತಿದ್ದವು. ಅದಕ್ಕೇ ನಾನು ಅಂಟು, ಬ್ರಷ್ಷು, ಹೊಸ ಲೆಡ್ಜರ್ ಪೇಪರು ಕಟ್ಟಿಕೊಂಡು ಬಸ್ಸು ಹತ್ತಿ ಮಸ್ಕಿಗೆ ಹೋಗತೊಡಗಿದೆ. ಪಡಸಾಲೆಯಲ್ಲಿ ಚಾಪೆ ಹಾಸಿ ಕೂತೆ. ಇಂಥ ಹಾಳೆಯನ್ನು ಗಟ್ಟಿ ಮಾಡಲು ಅದರ ಒಂದು ಮಗ್ಗುಲನ್ನು ದಪ್ಪ ಹೊಸ ಕಾಗದಕ್ಕೆ ಅಂಟಿಸುವುದು ರೂಢಿ. ಮೊದಲನೇ ಹಾಳೆ ತೆಗೆದು ತಿರುಗಿಸಿದರೆ ಎರಡೂ ಕಡೆ ಬರಹ. ಒಂದು ಕಡೆ ನೀಲಿ ಶಾಯಿ, ಇನ್ನೊಂದು ಕಡೆ ಪೆನ್ಸಿಲ್ಲು.

"ಮೇಡಮ್ಮಾರ, ಯಾವ ಕಡೆ ಮ್ಯಾಲ ಇಡ್ಲಿ?"

"ಶಾಯಿ ಸರ್‌ದು. ಅದು ಮ್ಯಾಲ ಇರ್ಲಿ. ಪೆನ್ಸಿಲ್ ಕಡೆ ಅಂಟು ಹಚ್ಚು."

"ಪೆನ್ಸಿಲ್ ಯಾರದ್ರೀ?"

"ನಂದು."

"ಅಂಟು ಹಚ್ಚಿದ್ರ ಮುಚ್ಚಿ ಹೊಕ್ಕದ ನೋಡ್ರಿ. ಮತ್ತ ಸಿಗಂಗಿಲ್ಲ."

"ಗಿಡಾ ಗಂಟಿ ಹೆಸರು ಯಾರಿಗೆ ಬೇಕಾಗ್ಯಾವ ಖಾಸಿಂಬಿ? ಅವರು ಕೇಳಿದ್ದು ಸರ್ ಬರದಿದ್ದು. ನೀ ಕೆಲಸ ಮಾಡು."

ಗಿರಾಕಿ ಹೇಳಿದಂತೆ ಮಾಡುವುದು ಕಸುಬು. ಮಾಡಿದೆ. ಆದರೆ ಕೈ ಕೆಲಸ ಮಾಡುವಾಗ ಕಣ್ಣು ಸುಮ್ಮನಿರುವುದಿಲ್ಲ. ಶಾಯಿಯ ಕಡೆ ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಪೆನ್ಸಿಲ್ ಕಡೆ ತಿಳಿಯುತ್ತಿತ್ತು. ಉತ್ತರಾಣಿ, ತುಂಬಿ, ಲಕ್ಕಿ, ಬನ್ನಿ, ಜಾಲಿ. ಕೂಡಿಸಿ ಓದಿ, ಅಂಟು ಹಚ್ಚಿ, ಮುಚ್ಚುತ್ತಿದ್ದೆ. ಓದಿದ ಹೆಸರಿನ ಮೇಲೇ ಬ್ರಷ್ಷು ಎಳೆಯುವುದು ನನಗೇ ಒಂದು ನಮೂನೆ ಅನ್ನಿಸಿತು. ಚಹಾ ಕೊಟ್ಟಾಗ ಕೇಳಿಯೇಬಿಟ್ಟೆ.

"ಅಲ್ರೀ, ನಿಮಗ ಬ್ಯಾರೆ ಹಾಳಿ ಸಿಗ್ಲಿಲ್ಲೇನ್ರೀ? ಗಂಡನ ಬೆನ್ನಿಗೇ ಬರೀಬೇಕಿತ್ತಾ?"

ಮೇಡಂ ನಕ್ಕರು. ಸರ್ ಹೋದ ಮೇಲೆ ಅವರು ನಕ್ಕಿದ್ದು ಮೊದಲೋ ಏನೋ, ಒಳಗಿನಿಂದ ಅಡಿಗೆಯವಳು ಇಣುಕಿ ನೋಡಿದಳು.

"ರವಿವಾರಕ್ಕೊಮ್ಮೆ ಇಬ್ರೂ ಸ್ಕೂಟರ್ ಮ್ಯಾಲ ಹೊಕ್ಕಿದ್ವಿ. ಒಂದೇ ರಟ್ಟು, ಒಂದೇ ಕ್ಲಿಪ್ಪು. ಒಂದು ಊರಿಗೆ ಒಂದೇ ಹಾಳಿ ಅಂತ ಅವರದು ನೇಮ. ಹೂವು ಬಿಸಿಲೇರಿದ್ರ ಮುಚ್ಕೊಂತಾವ, ಅದಕ್ಕ ಮುಂಜಾನೆ ನಂದು. ಕಲ್ಲಿನ ಮ್ಯಾಲಿನ ಅಕ್ಷರ ಇಳಿಬಿಸಿಲಿಗೆ ಚೊಲೊ ಕಾಣ್ತಾವ, ಅದಕ್ಕ ಸಂಜಿಮುಂದ ಅವರದು. ನಡುವ ಬುತ್ತಿ."

"ನೀವೂ ಪುಸ್ತಕ ಮಾಡಬೇಕಿತ್ತಲ್ರೀ."

"ಡಾಕ್ಟರೇಟ್ ಮಾಡಬೇಕಂತಿದ್ದೆ. ಮೊದಲು ಅವರದು ಮುಗೀಲಿ ಅಂದ್ವಿ. ಅವರದು ಮುಗೀತು. ಪ್ರೂಫ್ ತಿದ್ದಿದಾಕಿ ನಾನೇ."

ಹೇಳಿದ ಧಾಟಿಯಲ್ಲಿ ದುಃಖ ಇರಲಿಲ್ಲ. ಮಳೆ ಆ ವರ್ಷ ಕಡಿಮೆ ಬಂತು ಎಂದು ಹೇಳಿದಂತೆ ಹೇಳಿದರು. ನಾನೂ ಮುಂದೆ ಕೆದಕಲಿಲ್ಲ. ಮೊದಲನೇ ಕಟ್ಟು ಅಂಟಿಸಿ ಮುಗಿಸಿ ಭಾರ ಹೇರಿಟ್ಟೆ. ಅದರಲ್ಲಿ ಸಿಂಧನೂರು ಕಡೆಯ ಹಳ್ಳಿಗಳೆಲ್ಲ ಇದ್ದವು: ಜವಳಗೇರಾ, ವಳಕಮದಿನ್ನಿ, ಇನ್ನೂ ಕೆಲವು. ಪಾಮನಕಲ್ಲೂರು ಕಡೆಯ ಕಟ್ಟು ಬಿಚ್ಚುವುದರಲ್ಲಿದ್ದೆ.

ಅಷ್ಟರಲ್ಲಿ ಚನ್ನಬಸವ ಬಂದ. ಪ್ಯಾಂಟು ಮೊಣಕಾಲ ತನಕ ಕೆಸರು, ಮುಖ ಕೆಂಪಗೆ. ಸರ್‌ರ ಪುಸ್ತಕಕ್ಕೆ ವಳಕಮದಿನ್ನಿಯ ಶಾಸನದ ಫೋಟೊ ಬೇಕೆಂದು ಇಡೀ ದಿನ ಅಲ್ಲಿ ತಿರುಗಿ ಬಂದಿದ್ದ.

"ಅಮ್ಮಾರ, ಕಲ್ಲು ಸಿಗಲೇ ಇಲ್ರೀ. ಎತ್ತ ನೋಡಿದ್ರೂ ಬರೇ ನೆಲ್ಲು. ಸರ್ ಊರ ಹೆಸರು ಬರದು, ನೇರ ಅಕ್ಷರಕ್ಕ ಹೋಗಿಬಿಟ್ಟಾರ. ಊರಾಗ ಎಲ್ಲಿ ಅದ ಅಂತ ಒಂದು ಸಾಲೂ ಇಲ್ಲ."

"ಜಾಗದ್ದು ಅವರೆಲ್ಲಿ ಬರೀತಿದ್ರು? ಅದು ನನ್ನ ಕಡೆ ಇರ್ತಿತ್ತು," ಎಂದರು ಮೇಡಂ. "ಎಂಥಾ ನೆಲ, ಹಳ್ಳ ಎಷ್ಟು ದೂರ, ಕಲ್ಲಿನ ಬುಡಕ್ಕ ಏನು ಬೆಳದದ... ಗಿಡದ್ದು ಬರೀಬೇಕಾದ್ರ ಅದೆಲ್ಲಾ ಬೇಕು."

"ಹಂಗಾರ ಹೇಳ್ರಿ, ಎಲ್ಲಿ?"

ಮೇಡಂ ಕಣ್ಣು ಮುಚ್ಚಿ ಕೂತರು. ತುಟಿ ಅಲುಗಾಡಿತು. ತಲೆ ಅಲ್ಲಾಡಿಸಿದರು. "ಎಷ್ಟು ಊರು, ಎಷ್ಟು ವರ್ಷ! ಹಾಳಿ ನೋಡಿದ್ರ ಹೇಳ್ತಿದ್ದೆ."

ಚನ್ನಬಸವ ನನ್ನ ಕಡೆ ತಿರುಗಿದ. ನಾನು ಭಾರದ ಕೆಳಗಿನ ಕಟ್ಟು ತೋರಿಸಿದೆ. ಅವನು ಸ್ಕ್ಯಾನ್ ಮಾಡುವಾಗ ಬರೀ ಶಾಯಿಯ ಕಡೆ ಮಾಡಿದ್ದ. ಪೆನ್ಸಿಲ್ ಕಡೆ ರಫ್ ಇರಬೇಕು ಎಂದುಕೊಂಡಿದ್ದನಂತೆ. ಆ ಮಾತು ಬಾಯಿಂದ ಬಂದ ಮೇಲೆ ಅವನೇ ತಲೆ ಕೆಳಗೆ ಹಾಕಿದ.

"ಬಿಡಿಸಾಕ ಬರ್ತದೇನು ಖಾಸಿಂಬಿ?" ಎಂದು ಮೇಡಂ ಕೇಳಿದರು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೈದಾ ಅಂಟು ನೀರಿಗೆ ಬಿಡುತ್ತದೆ. ಹಿಂದಿನ ದಪ್ಪ ಕಾಗದಕ್ಕೆ ಒದ್ದೆ ಬಟ್ಟೆ ಹಾಕಿ ನೆನೆಸಬೇಕು, ಅಂಟು ಮೆತ್ತಗಾದ ಮೇಲೆ ಮೆಲ್ಲಗೆ ಸುಲಿಯಬೇಕು. ತೊಂದರೆ ಬೇರೆ ಕಡೆ ಇತ್ತು.

"ಪೆನ್ಸಿಲ್ ನೀರಿಗೆ ಹೆದರಂಗಿಲ್ರೀ. ಶಾಯಿ ಹೆದರ್ತದ. ಹಾಳಿ ತೆಳುವದ. ಹಚ್ಚುವಾಗ ಅಂಟು ಗಟ್ಟಿ ಇತ್ತು, ಇಳೀಲಿಲ್ಲ. ಈಗ ಹಿಂದ ನೀರು ಹಾಕಿದ್ರ ಮುಂದ ಇಳೀತದ. ಸರ್ ಬರದಿದ್ದು ಕಲಸಿ ಹೊಕ್ಕದ. ನಾ ಎಷ್ಟು ಹುಷಾರು ಮಾಡಿದ್ರೂ ಅಷ್ಟೇ."

ಚನ್ನಬಸವ ಎದ್ದು ನಿಂತ. "ಬ್ಯಾಡ್ರೀ ಅಮ್ಮಾರ. ಸರ್ ಕೈಬರಹ ಹೋದ್ರ ಹೋತು. ಕಲಸಿದ ಹಾಳಿ ಕೇಂದ್ರದವ್ರು ತಗೊಳ್ಳಂಗಿಲ್ಲ, ಮೂಲಪ್ರತಿ ಅಂದ್ರ ಮೂಲಪ್ರತಿ. ಒಂದು ಕಲ್ಲಿನ ಫೋಟೊ ಇಲ್ಲಂದ್ರೂ ಪುಸ್ತಕ ಆಗ್ತದ."

ನಾನು ಮನಸ್ಸಿನಲ್ಲೇ, ಮೇಡಂ ಬೇಡ ಎನ್ನುತ್ತಾರೆ ಎಂದುಕೊಂಡೆ. ಗಂಡ ಹೋಗಿ ವರ್ಷ ತುಂಬಿಲ್ಲ, ಅವನ ಅಕ್ಷರದ ಮೇಲೆ ನೀರು ಹಾಕು ಎಂದು ಯಾವ ಹೆಣ್ಣು ಹೇಳಿಯಾಳು? ನಾನಾಗಿದ್ದರೆ ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ನನ್ನ ಗಂಡ ಏನೂ ಬರೆದವನಲ್ಲ.

"ಚನ್ನಬಸವ, ಸರ್‌ದು ನಿನ್ನ ಕಂಪ್ಯೂಟರ್‌ನ್ಯಾಗ ಅದ ಅಲ್ಲ?"

"ಅದರೀ. ಎಲ್ಲಾ ಸ್ಕ್ಯಾನ್ ಅದ."

"ನಂದು?"

ಅವನು ಭಾರದ ಕೆಳಗಿನ ಕಟ್ಟು ನೋಡಿದ.

"ಮುಚ್ಚು ಅಂದಾಕಿ ನಾನೇ. ಈಗ ತೆಗಿ ಅನ್ನಾಕೀನೂ ನಾನೇ," ಎಂದು ನನ್ನ ಕಡೆ ನೋಡಿದರು. "ನೀರು ತಗೊಂಡ್ ಬಾ. ಮೊದಲು ವಳಕಮದಿನ್ನಿ."

ಹಳೆಯ ಧೋತರದ ತುಂಡನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿದೆ. ಶಾಯಿಯ ಕಡೆ ಕೆಳಮುಖ ಮಾಡಿ ಬ್ಲಾಟಿಂಗ್ ಪೇಪರಿನ ಮೇಲೆ ಇಟ್ಟೆ, ನೀರು ಇಳಿದರೂ ಅದು ಹೀರಲಿ ಎಂದು. ಹಿಂದೆ ಬಟ್ಟೆ ಹಾಸಿ ಅಂಗೈ ಒತ್ತಿದೆ. ಇಂಥ ಹೊತ್ತಿನಲ್ಲಿ ಅವಸರ ಮಾಡಿದರೆ ಹಾಳೆ ಹರಿಯುತ್ತದೆ, ತಡ ಮಾಡಿದರೆ ಕರಗುತ್ತದೆ. ಒಂದು ಮೂಲೆ ಎದ್ದಿತು. ಉಗುರಿನಿಂದಲ್ಲ, ಬೆರಳಿನ ತುದಿಯಿಂದ ಎಳೆಯುತ್ತ ಹೋದೆ. ಬಂತು. ಪೆನ್ಸಿಲ್ ಅಕ್ಷರ ಅಂಟಿನ ಕೆಳಗೆ ನಿನ್ನೆ ಬರೆದಂತೆ ಇದ್ದವು. ತಿರುಗಿಸಿದೆ. ಸರ್‌ರ ಅಕ್ಷರಗಳು ಮೊದಲು ದಪ್ಪವಾದವು, ಆಮೇಲೆ ಒಂದರೊಳಗೊಂದು ಸೇರಿ, ಹಾಳೆಯ ನಡುವೆ ನೀಲಿ ಕಲೆಯಾಗಿ ನಿಂತವು.

ಚನ್ನಬಸವ ಮುಖ ಆ ಕಡೆ ಮಾಡಿದ. ಮೇಡಂ ಮಾತ್ರ ನೋಡುತ್ತಲೇ ಇದ್ದರು.

"ಒಣಗಿದ್ದಾಗೂ ಅವರ ಅಕ್ಷರ ಯಾರಿಗೆ ತಿಳೀತಿತ್ತು ಬಿಡು," ಎಂದು ಹೇಳಿ ಕನ್ನಡಕ ಹಾಕಿಕೊಂಡು ಪೆನ್ಸಿಲ್ ಕಡೆ ಓದಲು ಕುಳಿತರು. "ನೋಡಪ, ಇಲ್ಲದ. ಎರೆ ನೆಲ ಮುಗದು ಮರಳು ಸುರುವಾಗೋ ಕಡೆ. ಹಳ್ಳದ ದಂಡಿ. ಲಕ್ಕಿ ಹಿಂಡು. ಅದರ ಮೂಡಲಕ್ಕ ಎರಡು ಬನ್ನಿಗಿಡ, ನಡುವ ಕಲ್ಲು."

ಮರುದಿನದಿಂದ ಆ ಕಟ್ಟಿನ ಹಾಳೆಗಳನ್ನೆಲ್ಲ ಬಿಡಿಸಿದೆ. ಕೆಲವು ಶಾಯಿ ಉಳಿಸಿಕೊಂಡವು, ಕೆಲವು ಉಳಿಸಿಕೊಳ್ಳಲಿಲ್ಲ. ಚನ್ನಬಸವ ಕೇಂದ್ರದ ದೊಡ್ಡವರಿಗೆ ಫೋನು ಹಚ್ಚಿ ಬೆವರು ಸುರಿಸಿ ಮಾತಾಡಿದ. ಎರಡೂ ಕಡೆ ಸೇರಿಸಿ, ಇಬ್ಬರ ಹೆಸರಿನಲ್ಲಿ ಇಟ್ಟುಕೊಳ್ಳಲು ಅವರು ಒಪ್ಪಿದರು. ಶಾಯಿ ಕಲಸಿದ ಹಾಳೆ ಮಾತ್ರ ಬೇಡ ಎಂದರು. ಅವು ಮೇಡಂ ಅಲಮಾರಿಯಲ್ಲೇ ಉಳಿದವು. ಉಳಿದ ಹಾಳೆಗಳನ್ನು ಎರಡೂ ಮಗ್ಗುಲು ಕಾಣುವ ಕವರಿನಲ್ಲಿ ಹಾಕಿ, ಕವರಿನ ಒಂದು ಅಂಚಿಗೆ ಬಟ್ಟೆಪಟ್ಟಿ ಕೊಟ್ಟು ಹೊಲಿದೆ. ಹಾಳೆಗೆ ಅಂಟು ತಾಕಿಸಲಿಲ್ಲ.

ಕೆಲಸ ಮುಗಿದ ವಾರದಲ್ಲಿ ಮೇಡಂ, ಚನ್ನಬಸವ ಇಬ್ಬರೂ ವಳಕಮದಿನ್ನಿಗೆ ಹೊರಟರು. "ಬಿಡಿಸಿದಾಕಿ ನೀನು, ನೋಡಾಕ ಬಾ," ಎಂದು ಮೇಡಂ ನನ್ನನ್ನೂ ಆಟೊದಲ್ಲಿ ಹತ್ತಿಸಿಕೊಂಡರು. ನನಗೂ ನೋಡುವ ಚಪಲ ಇತ್ತು. ಹಳ್ಳ ಸಿಕ್ಕಿತು, ಕಾಲುವೆಯ ಬಸಿನೀರು ಹರಿಯುತ್ತಿತ್ತು. ಲಕ್ಕಿ ಹಿಂಡೂ ಇತ್ತು. ಮೇಡಂ ಒಂದು ಎಲೆ ಹೊಸಕಿ ಮೂಸಿ, ನನ್ನ ಮೂಗಿಗೂ ಹಿಡಿದರು. ಮೂಡಲಕ್ಕೆ ಬನ್ನಿಗಿಡ ಇರಲಿಲ್ಲ. ಗದ್ದೆ. ಸಸಿ ಹಚ್ಚುತ್ತಿದ್ದ ಹೆಣ್ಣುಮಗಳು ಸೊಂಟ ನೆಟ್ಟಗೆ ಮಾಡಿ ನಿಂತಳು.

"ಯಾರ್ರೀ ನೀವು? ಸರ್ವೇದವ್ರಾ?"

"ಇಲ್ಲವ್ವ. ಒಂದು ಕಲ್ಲು ಹುಡುಕಾಕ ಬಂದೀವಿ," ಎಂದ ಚನ್ನಬಸವ.

"ಯವ್ವಾ! ಒಂದು ಕಲ್ಲಿಗೆ ಮೂರು ಮಂದಿ?" ಎಂದು ಅವಳು ನಕ್ಕಳು. ಆಮೇಲೆ, "ಬರವಣಗಿ ಕಲ್ಲಾ? ಅದು ಎಲ್ಲದರೀ. ಹೊಲ ಸಮ ಮಾಡುವಾಗ ಬನ್ನಿಗಿಡಾನೂ ಕಿತ್ರು, ಕಲ್ಲೂ ಕಿತ್ರು. ಮಿಷನ್ ಎತ್ತಿ ಎಲ್ಲಿ ಒಗೀತೋ ಯಾರು ನೋಡ್ಯಾರ?"

ಚನ್ನಬಸವ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಮೇಡಂ ಕೂರಲಿಲ್ಲ. ಚೀಲದಿಂದ ರಟ್ಟು ತೆಗೆದರು, ಹೊಸ ಹಾಳೆ ಸಿಕ್ಕಿಸಿದರು, ಮೇಲೆ ಊರ ಹೆಸರು ಬರೆದರು. ಆ ಹೆಣ್ಣುಮಗಳನ್ನು ಕೇಳಿ ಕೇಳಿ, ಗದ್ದೆಯಲ್ಲಿ ಏನೇನು ಕಳೆ ಬರುತ್ತದೆ, ಬದುವಿನ ಮೇಲೆ ಏನು ಹುಟ್ಟುತ್ತದೆ, ಎಲ್ಲವನ್ನೂ ಪೆನ್ಸಿಲ್ಲಿನಿಂದ ಇಳಿಸಿದರು. ನಿಂತೇ ಬರೆದರು. ಮುಗಿದ ಮೇಲೆ ಹಾಳೆ ತೆಗೆದು, ತಿರುಗಿಸಿ ಸಿಕ್ಕಿಸಿ, ಚನ್ನಬಸವನ ಮುಂದೆ ಹಿಡಿದರು.

"ತಗೊ, ಸರ್ ಕಡೆ ನೀ ಬರಿ."

"ಏನು ಬರೀಲಿ ಅಮ್ಮಾರ? ಕಲ್ಲೇ ಇಲ್ಲ."

"ಅದನ್ನೇ ಬರಿ. ಕಲ್ಲು ಇಲ್ಲ ಅಂತ."

ಅವನು ಬರೆದ.

ಇಷ್ಟು ವರ್ಷದಲ್ಲಿ ಎಷ್ಟೋ ಹಾಳೆ ಅಂಟಿಸಿದ್ದೇನೆ. ಗಿರಾಕಿಗೆ ತನ್ನ ವಸ್ತುವಿನ ಬೆಲೆ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಮೇಡಂ ಅಷ್ಟು ಓದಿದವರು, ಅವರಿಗೇ ಗೊತ್ತಿರಲಿಲ್ಲ. ಅಲ್ಲಿಂದ ಈಚೆಗೆ ಯಾರೇ ಬಂದು ಈ ಕಡೆ ಮುಚ್ಚಿಬಿಡು ಎಂದರೂ ಕೂಡಲೇ ಬ್ರಷ್ಷು ಎತ್ತುವುದಿಲ್ಲ. ನಾಳೆ ಬನ್ನಿ, ಇನ್ನೊಂದು ಸಲ ನೋಡಿ ಹೇಳಿ ಎನ್ನುತ್ತೇನೆ. ಸೊಸೆಗೂ ಹಾಗೇ ಹೇಳಿದ್ದೇನೆ. ಕೆಲವರು ಸಿಟ್ಟಾಗಿ ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ.