ಕೋವಿ ಠಾಣೆಯಲ್ಲಿದ್ದ ತಿಂಗಳು

ಸಂಪಾಜೆಯ ಚನಿಯಪ್ಪಣ್ಣ ಹುಡುಗರಾಗಿದ್ದಾಗ ಪುತ್ತೂರಿನ ಟಾಕೀಸಿನಲ್ಲಿ ನೋಡಿದ ಕೌಬಾಯ್ ಸಿನಿಮಾಗಳಿಂದ ಇನ್ನೂ ಹೊರಗೆ ಬಂದಿಲ್ಲ. ಈಗ ಅರುವತ್ತೆರಡು. ಕುದುರೆಯ ಜಾಗದಲ್ಲಿ ಹಳೆಯ ಸ್ಕೂಟರ್, ಟೊಪ್ಪಿಯ ಜಾಗದಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ. ಕೋವಿ ಮಾತ್ರ ನಿಜದ್ದು, ಬೆಳೆ ಕಾಯಲೆಂದು ಅಪ್ಪನ ಕಾಲದಿಂದ ಲೈಸೆನ್ಸ್ ಇರುವಂಥದ್ದು.

“ಕತೆಗೆ ಒಂದು ಗಡಿ ಬೇಕು. ಹೀರೋ ಒಬ್ಬನೇ ಇರ್ಬೇಕು, ಮಾತು ಕಮ್ಮಿ ಇರ್ಬೇಕು” ಎಂದು ನನಗೆ ಒಂದೂವರೆ ಗಂಟೆ ವಿವರಿಸಿದ್ದಾರೆ. “ಮತ್ತೆ, ಬರಿಗೈಯವನಿಗೆ ಹೊಡಿಲಿಕ್ಕಿಲ್ಲ. ಅದು ನಿಯಮ.”

ಗಡಿ ಇತ್ತು, ಅವರ ತೋಟ ದಾಟಿದರೆ ಕೊಡಗು. ಅಡ್ಡ ಬಂದದ್ದು ಚುನಾವಣೆ. ಚುನಾವಣೆ ಬಂತೆಂದರೆ ನಮ್ಮ ಕಡೆಯ ಕೃಷಿಕರು ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಚನಿಯಪ್ಪಣ್ಣನೂ ಒಪ್ಪಿಸಿ ಬಂದರು. ಮಂಗಗಳಿಗೆ ಸುದ್ದಿ ಯಾರು ಮುಟ್ಟಿಸಿದರೋ, ವಾರದಲ್ಲಿ ಬಾಳೆಯೆಲ್ಲ ಖಾಲಿ. ಉಳಿದದ್ದು ಬಾವಿಕಟ್ಟೆಯ ಪಕ್ಕದ ಒಂದೇ ಕದಳಿ ಗೊನೆ. ಬಸುರಿ ಮಗಳು ದೀಪ್ತಿ ಭಾನುವಾರ ಬರುವವಳಿದ್ದಳು. ಮನೆಯ ಬಾಳೆಹಣ್ಣು ಕಿವುಚಿ ಕರಿಯುವ ಸಿಹಿ ಮುಳ್ಕವೇ ಬೇಕೆಂದು ಹೇಳಿ ಕಳಿಸಿದ್ದಳು.

ಶುಕ್ರವಾರ ನಡುಮಧ್ಯಾಹ್ನ ನಾನು ಹೋದಾಗ ಅಂಗಳದಲ್ಲಿ ಚನಿಯಪ್ಪಣ್ಣ, ಬಾವಿಕಟ್ಟೆಯ ಮೇಲೆ ದೊಡ್ಡದೊಂದು ಮಂಗ. ಇಬ್ಬರೂ ಕಣ್ಣು ಮಿಟುಕಿಸುತ್ತಿರಲಿಲ್ಲ. ನಾನು ಬಚ್ಚಲಿನ ಗೋಡೆಯ ಹಿಂದೆ ಸರಿದೆ. ಇಂಥ ಕತೆಗಳಲ್ಲಿ ಹೆದರಿ ಬಾಗಿಲು ಹಾಕಿಕೊಳ್ಳುವ ಊರವರೂ ಬೇಕು. ಆ ಪಾತ್ರ ನನಗೆ ಅಭ್ಯಾಸವಿಲ್ಲದೆಯೂ ಬರುತ್ತದೆ.

ಚನಿಯಪ್ಪಣ್ಣನ ಕೈ ಸೊಂಟದ ಕತ್ತಿಗೆ ಹೋಯಿತು. ಮಂಗ ಮಗ್ಗುಲು ತಿರುಗಿತು. ಹೊಟ್ಟೆಗೆ ಮರಿಯೊಂದು ಅಂಟಿಕೊಂಡಿತ್ತು.

“ಎಂತ ನೋಡುದು? ಓಡಿಸಿ” ಎಂದರು ಜಗಲಿಯಿಂದ ಹೆಂಡತಿ ಶೀಲಾವತಿ.

“ಅದರ ಕೈಯಲ್ಲಿ ಎಂತ ಉಂಟು ಮಾರಾಯ್ತಿ? ಬರಿಗೈ.”

“ಭಾನುವಾರ ನಿಮ್ಮ ಮಗಳದ್ದೂ ಬರಿಗೈಯೇ.”

ಚನಿಯಪ್ಪಣ್ಣ ಯೋಚಿಸಿದರು. ಮೆಲ್ಲನೆ ಮುಂದೆ ಹೋದರು. ಮಂಗ ಕಟ್ಟೆಯ ಆ ತುದಿಗೆ ಸರಿಯಿತು. ಅದರ ಮೇಲಿನ ಕಣ್ಣು ತೆಗೆಯದೆ ಗೊನೆ ಕಡಿದು, ಒಂದು ಚಿಪ್ಪು ಬಿಡಿಸಿ ಕಟ್ಟೆಯ ಮೇಲಿಟ್ಟು, ಉಳಿದದ್ದನ್ನು ಹೆಗಲಿಗೇರಿಸಿ ಹಿಮ್ಮುಖವಾಗಿಯೇ ಜಗಲಿ ಸೇರಿದರು. ಮಂಗವೂ ತನ್ನ ಪಾಲು ಎತ್ತಿಕೊಂಡು ಕೊಡಗಿನ ಕಡೆ ಹೋಯಿತು.

“ಹೊಗೆಗೆ ಇಟ್ಟರೆ ಭಾನುವಾರಕ್ಕೆ ಹಣ್ಣಾದೀತು” ಎಂದು ಶೀಲಾವತಿ ಗೊನೆ ಇಳಿಸಿಕೊಂಡರು.

“ಇನ್ನು ಹೀರೋ ಪಶ್ಚಿಮಕ್ಕೆ ಹೋಗುದು” ಎಂದು ಚನಿಯಪ್ಪಣ್ಣ ನನಗೆ ಹೇಳಿದರು. “ತಿರುಗಿ ನೋಡ್ಲಿಕ್ಕಿಲ್ಲ.”

“ಹೋಗುದಾದರೆ ಅರಂತೋಡಿನಿಂದ ಒಂದು ಕಿಲೋ ಬೆಲ್ಲ ತನ್ನಿ. ಮುಳ್ಕಕ್ಕೆ ಸಾಲುದಿಲ್ಲ.”

ಅರಂತೋಡು ಇರುವುದೂ ಪಶ್ಚಿಮಕ್ಕೇ. ಮುಟ್ಟಾಳೆ ಸರಿಮಾಡಿಕೊಂಡು, ಸ್ಕೂಟರಿಗೆ ನಾಲ್ಕು ಒದೆ ಕೊಟ್ಟು ಹೊರಟರು. ತೋಡಿನ ನೀರು ದಾಟುವ ಸಂಕದವರೆಗೆ ತಿರುಗಿ ನೋಡಲಿಲ್ಲ. ಅಲ್ಲಿ ನಿಲ್ಲಿಸಿ ಕೇಳಿದರು:

“ಅಚ್ಚುಬೆಲ್ಲವಾ, ಓಲೆಬೆಲ್ಲವಾ?”