ಬ್ಯಾಂಕಮ್ಮನ ಬಾಗಿಲ ಮೊಳೆಗಳು

ಹತ್ತೊಂಬತ್ತು ವರ್ಷ ಅವಳು ಆ ಬ್ಯಾಂಕಿನ ಕಸ ಗುಡಿಸಿದಳು, ನೆಲ ಒರೆಸಿದಳು, ಟೀ ಮಾಡಿಕೊಟ್ಟಳು. ಓಣಿಯವರಿಗೆ ಅವಳು ಬ್ಯಾಂಕಮ್ಮ. ಅವಳಿದ್ದಾಳೆಂಬ ಒಂದೇ ಧೈರ್ಯದ ಮೇಲೆ ಓಣಿಯ ಹೆಂಗಸರೆಲ್ಲ ಅಲ್ಲಿ ದುಡ್ಡಿಟ್ಟಿದ್ದರು.

ಅವಳ ಮನೆಯ ಬಾಗಿಲ ಪಕ್ಕ ಹನ್ನೊಂದು ಮೊಳೆಗಳಿದ್ದವು. ಕೆಲಸಕ್ಕೆ ಹೋಗುವವರು ಬೀಗದ ಕೈ ಅಲ್ಲಿ ನೇತುಹಾಕಿ ಹೋಗುತ್ತಿದ್ದರು. ಒಳಗೆ ಅವಳ ಅಕ್ಕ ದರ್ಜಿಯ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತ ಕೂತಿರುತ್ತಿದ್ದಳು. ಗಂಡ ಸತ್ತ ಮೇಲೆ ತಂಗಿಯ ಮನೆಗೆ ಬಂದವಳು ಅಡುಗೆ ಮಾಡಿದಳು, ತಂಗಿಯ ಇಬ್ಬರು ಮಕ್ಕಳನ್ನು ಸಾಕಿದಳು. ತಂಗಿಗೆ ಸಂಬಳ ಬರುವಂತೆ ಮಾಡಿದ ಸಂಬಳವಿಲ್ಲದ ಕೆಲಸ ಅದು. ಕಾಜಾದಿಂದ ಬಂದ ಚಿಲ್ಲರೆಯೆಲ್ಲ ಅಕ್ಕನ ಹೆಸರಿನಲ್ಲಿ ಬ್ಯಾಂಕಿಗೆ ಹೋಗುತ್ತಿತ್ತು.

ಆ ವರ್ಷ ಅಕ್ಕನ ಕಾಜಾಗಳು ಸೊಟ್ಟಗಾಗತೊಡಗಿದವು. ಕಣ್ಣಿನೊಳಗೆ ಒತ್ತಡ ಏರಿದೆ ಎಂದರು ಡಾಕ್ಟರು. ಹೋದ ದೃಷ್ಟಿ ಬರುವುದಿಲ್ಲ, ಬೇಗ ಆಪರೇಶನ್ ಮಾಡಿಸಿದರೆ ಉಳಿದದ್ದು ಉಳಿದೀತು. ಗುರುವಾರಕ್ಕೆ ದಿನ ಕೊಟ್ಟರು.

ಅದಕ್ಕೆ ಮೊದಲಿನ ಶುಕ್ರವಾರವೇ ಬ್ಯಾಂಕಿನ ಮುಂದೆ ಸಾಲು ಬೆಳೆಯಿತು. ಮನೆಸಾಲ ಕೊಡುವ ಯಾವುದೋ ದೊಡ್ಡ ಕಂಪನಿ ಮುಳುಗಿದೆಯಂತೆ, ಬ್ಯಾಂಕಿನ ದುಡ್ಡೆಲ್ಲ ಅದರಲ್ಲಿದೆಯಂತೆ. ಬ್ಯಾಂಕಮ್ಮ ಅಕ್ಕ ಸಹಿ ಹಾಕಿದ, ಹಣ ತೆಗೆಯುವ ಚೀಟಿ ಹಿಡಿದು ತಾನೂ ನಿಂತಳು. ಮ್ಯಾನೇಜರು ಒಳಗೆ ಕರೆದರು.

"ನೀನೂ ಸಾಲಲ್ಲಿ ನಿಂತ್ರೆ ಹೇಗಮ್ಮ? ನಿನ್ನ ನೋಡಿ ಇಡೀ ಓಣಿ ಬರುತ್ತೆ."

"ಅಕ್ಕನ ಕಣ್ಣಿಗೆ ಸಾರ್."

"ಸೋಮವಾರ ನನ್ನ ಕೈಯಾರೆ ಕೊಡ್ತೀನಿ. ಇವತ್ತು ಎಲ್ಲರೂ ಕೇಳಿದ್ರೆ ಯಾರಿಗೂ ಇಲ್ಲ. ಯಾರೂ ಕೇಳದಿದ್ರೆ ಎಲ್ಲರಿಗೂ ಇದೆ."

ಆ ಲೆಕ್ಕ ಅವಳಿಗೆ ತಟ್ಟನೆ ಅರ್ಥವಾಯಿತು. ಮಾಡಿದ ಅಡುಗೆ ಸಾಲದಾದಾಗ ತನಗೆ ಹಸಿವಿಲ್ಲ ಎನ್ನುವುದು ಅವಳಿಗೆ ಮನೆಯಲ್ಲಿ ರೂಢಿಯೇ ಆಗಿತ್ತು. ಹೊರಗೆ ಬಂದವಳು ಎಲ್ಲರೆದುರು ಚೀಟಿ ಹರಿದಳು.

"ನಂದೇ ಇಲ್ಲಿದೆ, ನಿಮ್ದೆಲ್ಲಿಗೆ ಹೋಗುತ್ತೆ? ಒಲೆ ಮೇಲೆ ಏನಿಟ್ಟು ಬಂದಿದೀರೋ, ಹೋಗಿ ನೋಡಿ."

"ಬ್ಯಾಂಕಮ್ಮನೇ ಹೇಳಿದ ಮೇಲೆ ಇನ್ನೇನು, ನಡೀರಿ," ಎಂದು ನಕ್ಕಳು ಓಣಿಯ ಇಸ್ತ್ರಿಯವಳು. ಸಾಲು ಕರಗಿತು. ಬ್ಯಾಂಕಮ್ಮ ಬಗ್ಗಿ ಚೀಟಿಯ ಚೂರುಗಳನ್ನು ಗುಡಿಸಿದಳು. ಮನೆಗೆ ಬಂದು, ಕೌಂಟರು ಮುಚ್ಚಿತ್ತು ಎಂದಳು ಅಕ್ಕನಿಗೆ.

ಸೋಮವಾರ ಶಟರಿನ ಮೇಲೆ ನೋಟಿಸು ಅಂಟಿಸಿತ್ತು. ಮುಂದಿನ ಆದೇಶದವರೆಗೆ ಯಾರೂ ಹಣ ತೆಗೆಯುವಂತಿಲ್ಲ.

ಯಾರೂ ಬಂದು ಬೈಯಲಿಲ್ಲ. ಮೊಳೆಗಳು ಒಂದೊಂದಾಗಿ ಖಾಲಿಯಾದವು. "ಇನ್ನು ಬೀಗದ ಕೈ ನಮ್ಮತ್ತೆ ಹತ್ರಾನೇ ಇಡ್ತೀನಿ ಬಿಡು," ಎಂದಳು ಇಸ್ತ್ರಿಯವಳು. ಅವಳ ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕೈಸಾಲ ಕೇಳೋಣವೆಂದರೆ ಕೊಡಬಲ್ಲವರ ದುಡ್ಡೂ ಅದೇ ಶಟರಿನ ಹಿಂದೆ. ಗುರುವಾರ ಬಂತು, ಹೋಯಿತು.

ಲೆಕ್ಕ ನೋಡಲು ಬಂದ ಅಧಿಕಾರಿಗಳಿಗೂ ಕಸ ಗುಡಿಸುವವರು ಬೇಕಿತ್ತು. ದಿನಗೂಲಿಯ ಮೇಲೆ ಅವಳನ್ನೇ ಕರೆದರು. ನಾಲ್ಕನೆಯ ತಿಂಗಳು ಟೀ ಕೊಡುತ್ತ ಅವಳು ಹಿರಿಯ ಅಧಿಕಾರಿಯನ್ನು ಕೇಳಿದಳು.

"ಆ ಕಂಪನೀನ ಸರ್ಕಾರ ದುಡ್ಡು ಕೊಟ್ಟು ಎತ್ತಿ ನಿಲ್ಲಿಸ್ತಂತಲ್ಲ ಸಾರ್. ನಮ್ಮನ್ನ ಯಾಕಿಲ್ಲ?"

"ಅದು ದೊಡ್ಡದಮ್ಮ. ಅದು ಬಿದ್ರೆ ಜೊತೆಗೆ ಹತ್ತು ಬೀಳ್ತಾವೆ. ಇದು ಬಿದ್ರೆ ವ್ಯವಸ್ಥೆಗೇನೂ ಆಗಲ್ಲ."

"ನಿಂತ ಮೇಲೆ ಅವರು ನಮ್ಮ ಬ್ಯಾಂಕಿನ ಸಾಲ ತೀರಿಸ್ಬೇಕಲ್ವಾ?"

"ತೀರಿಸ್ತಾರೆ. ಮೊದಲು ದೊಡ್ಡ ಬ್ಯಾಂಕುಗಳದ್ದು. ಸಾಲಲ್ಲಿ ನೀವು ಹಿಂದೆ ಇದ್ದೀರಿ."

ಆತ ಒಳ್ಳೆಯವನೇ. ಟೀ ಚೆನ್ನಾಗಿದೆ ಎಂದು ಲೋಟ ಕೈಗೇ ಕೊಟ್ಟ.

ಅವತ್ತು ಸಂಜೆ, ಬಿಸಿಲಿನ್ನೂ ಇದ್ದಾಗಲೇ, ಅಕ್ಕ ಹೊಸ್ತಿಲಲ್ಲಿ ಕೂತು ಸೂಜಿಗೆ ದಾರ ಹುಡುಕುತ್ತಿದ್ದಳು. ದಾರ ಎದುರಿಗೇ ಇತ್ತು.

"ಇಸ್ತ್ರಿಯವಳು ಬಂದಿದ್ಲು," ಎಂದಳು. "ಚೀಟಿ ನೀನೇ ಹರಿದೆಯಂತೆ."

ಬ್ಯಾಂಕಮ್ಮ ಚಪ್ಪಲಿ ಬಿಡದೆ ನಿಂತಳು.

"ಅಡುಗೆ ಕಮ್ಮಿ ಬಿದ್ರೆ ಹಸಿವಿಲ್ಲ ಅಂತೀಯಲ್ಲ, ಹಾಗೇ ಮಾಡಿದೀಯ. ಈ ಸಲ ತಟ್ಟೆ ನಂದಾಗಿತ್ತು ಕಣೇ. ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಏನಂತಿದ್ದೆ?"

"ಅದು ಈಗ ಯಾಕೆ?"

ದರ್ಜಿಗೆ ಬೆಳಗ್ಗೆ ಏಳು ಅಂಗಿ ಕೊಡಬೇಕಿತ್ತು. ಬ್ಯಾಂಕಮ್ಮ ಕೈಕಾಲು ತೊಳೆದು ಬಂದು ಅಕ್ಕನ ಕೈಯಿಂದ ಸೂಜಿ ತೆಗೆದುಕೊಂಡಳು. ಕಾಜಾ ಹೊಲಿಯುವುದು ಅವಳಿಗೆ ಬರುತ್ತಿರಲಿಲ್ಲ. ಇಷ್ಟು ವರ್ಷ ಅದನ್ನು ನೋಡಿದ್ದಳು, ಕಲಿತಿರಲಿಲ್ಲ. ಒಂದು ಮುಗಿಸಿ ಮುಂದಕ್ಕೆ ಹಿಡಿದಳು.

ಅಕ್ಕ ಬೆರಳ ತುದಿಯಿಂದ ಅಂಚನ್ನು ಸವರಿದಳು.

"ಬಿಚ್ಚು," ಎಂದಳು. "ಸೊಟ್ಟ ಆಗಿದೆ."