ಹಗೇವಿನೊಳಗಿಂದ ಬಂದ ಮಾತು

ತೆಲುಗು ಸೀಮೆಯ ಅಂಚಿನ ಆಸ್ಪರಿ ಊರಿನ ಹೂವಮ್ಮನ ಗಂಡ ನಾಗಣ್ಣ ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವನು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಸಾರು ಚೆನ್ನಾಗಿದ್ದರೂ ಹೂಂ, ಉಪ್ಪು ಮರೆತಿದ್ದರೂ ಹೂಂ. ಮದುವೆಯಾದ ಹೊಸದರಲ್ಲಿ, ಗೋಡೆಯ ಜೊತೆ ಸಂಸಾರ ಮಾಡುತ್ತಿದ್ದೇನೆ ಎಂದು ಹೂವಮ್ಮ ತವರಿಗೆ ಹೋಗಿ ಅತ್ತದ್ದೂ ಉಂಟು. ಆದರೆ ಅದೇ ಮನುಷ್ಯ ಊರವರ ಜೋಳ ತೆಗೆಯಲು ಹಗೇವಿಗೆ ಇಳಿದರೆ ಮಾತು ನಿಲ್ಲಿಸುತ್ತಿರಲಿಲ್ಲ.

ನಿಲ್ಲಿಸುವಂತೆಯೂ ಇರಲಿಲ್ಲ ಅನ್ನಿ. ಹಗೇವು ಎಂದರೆ ಜೋಳ ಕೆಡದಂತೆ ಇಡಲು ನೆಲದಲ್ಲಿ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಮಣ್ಣು ಮೆತ್ತಿ ಮುಚ್ಚಿದ ಮೇಲೆ ಕಾಳು ಒಳಗೇ ಉಸಿರಾಡಿ ಗಾಳಿಯನ್ನು ಕೆಡಿಸಿಬಿಡುತ್ತದೆ. ತೆರೆದ ಕೂಡಲೇ ಇಳಿದವನು ಕೂಗುವ ಮೊದಲೇ ಕುಸಿಯುತ್ತಾನೆ. ಅದಕ್ಕೇ ಮೊದಲು ಕಂದೀಲು ಇಳಿಸಿ ನೋಡಬೇಕು. ಅದು ಆರದಿದ್ದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮನುಷ್ಯ ಇಳಿಯಬೇಕು. ಇಳಿದವನು ಮಾತಾಡುತ್ತಲೇ ಇರಬೇಕು. ಮಾತು ನಿಂತರೆ ಮೇಲಿನವರು ಹಗ್ಗ ಎಳೆಯಬೇಕು. ನಾಗಣ್ಣನ ಅಣ್ಣನ ಮಾತು ಒಮ್ಮೆ ನಿಂತಾಗ ಹಗ್ಗ ಹಿಡಿದವರು ಬೀಡಿ ಹಚ್ಚುತ್ತಿದ್ದರು. ಅಂದಿನಿಂದ ಗಂಡನ ಹಗ್ಗವನ್ನು ಹೂವಮ್ಮ ಬೇರೆಯವರ ಕೈಗೆ ಕೊಟ್ಟವಳಲ್ಲ. ಬಲಕ್ಕೆಂದು ಆಕೆಯ ತಮ್ಮ ಬಜಾರಪ್ಪ ಹಿಂದೆ ನಿಲ್ಲುತ್ತಿದ್ದ.

ಕೆಳಗಿನಿಂದ ನಾಗಣ್ಣ ಏನೇನೋ ಹೇಳುತ್ತಿದ್ದ. ಜೋಳದ ಬಣ್ಣ, ಎತ್ತಿನ ಕಾಲುನೋವು, ಎಲ್ಲ ಮುಗಿದ ಮೇಲೆ ಹೆಂಡತಿಯ ಸುದ್ದಿ. "ನಿನ್ನಿ ಉಟ್ಟಿದ್ಯಲ್ಲ, ಹಸರು ಸೀರಿ, ಚೊಲೋ ಕಾಣತಿತ್ತು. ಮಕಾ ನೋಡಿ ಹೇಳಾಕ ನಾಚಿಕಿ ಬಂತು." ಸುತ್ತ ನಿಂತ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಹೂವಮ್ಮ ಸೆರಗು ಬಾಯಿಗೆ ಒತ್ತಿಕೊಂಡರೂ ಹಗ್ಗವನ್ನು ಮಾತ್ರ ಸಡಿಲಿಸುತ್ತಿರಲಿಲ್ಲ. ಹಗೇವು ತೆರೆಯುವ ದಿನವೆಂದರೆ ಆಕೆಗೆ ಎದೆ ಡವಡವ, ಅದೇ ಹೊತ್ತಿಗೆ ಒಳಗೊಳಗೇ ಹಿಗ್ಗು. ಎರಡೂ ನಿಜ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ವಾಸುದೇವಾಚಾರ್ಯರು ಇದಕ್ಕೊಂದು ಉಪಾಯ ಹೂಡಿದರು. ನಾಗಣ್ಣನ ಅಣ್ಣ ಸತ್ತ ದಿನ ಹೆಣ ಎತ್ತಲು ಕೈ ಕೊಟ್ಟವರು ಅವರು. ಅದು ಅವರ ಮನಸ್ಸಿನಿಂದ ಹೋಗಿರಲಿಲ್ಲ. ಉಪ್ಪುನೀರಿನ ತೊಟ್ಟಿ, ಅದರೊಳಗೆ ಮಣ್ಣಿನ ಕುಡಿಕೆ, ಎರಡರಲ್ಲೂ ಹಳೆ ಟಾರ್ಚ್ ಸೆಲ್ಲಿನ ಕರಿ ಕಡ್ಡಿಗಳು. ಟ್ರ್ಯಾಕ್ಟರ್ ಬ್ಯಾಟರಿಯಿಂದ ಕರೆಂಟು ಹರಿಸಿದರೆ ಕುಡಿಕೆಯ ನೀರು ಕ್ಷಾರವಾಗಿ ಸಾಬೂನಿನಂತೆ ಜಾರುತ್ತಿತ್ತು. ಗೋಣಿಚೀಲಗಳನ್ನು ಆ ನೀರಿನಲ್ಲಿ ತೋಯಿಸಿ ಹಗೇವಿನೊಳಗೆ ತೂಗುಬಿಟ್ಟರೆ ಕೆಟ್ಟ ಗಾಳಿಯನ್ನು ಅವು ಹೀರಿಕೊಳ್ಳುತ್ತವೆ ಎಂದರು. ಬ್ಯಾಟರಿಗಳನ್ನು ಆದೋನಿಗೆ ಹೊತ್ತು ಚಾರ್ಜ್ ಮಾಡಿಸಿ ತಂದು, ಬೇಸಿಗೆ ರಜೆಯೆಲ್ಲ ಕೂತು ಕೊಡಗಟ್ಟಲೆ ನೀರು ಕೂಡಿಹಾಕಿದರು. "ಹೀರಿದ ಗಾಳೀನ ಹೊರಗ ಬಿಡಿಸಿ, ಅದೇ ನೀರು ಮತ್ತ ಉಪಯೋಗಿಸೋ ಹಂಗ ಮಾಡತೀನಿ, ನೋಡ್ತಿರು" ಎಂದು ಹೂವಮ್ಮನಿಗೆ ಹೇಳುವಾಗ ಅವರ ಕಣ್ಣು ಮಿನುಗುತ್ತಿದ್ದವು. ಆಕೆ ಮನಸಾರೆ ಕೈಮುಗಿದಳು.

ಗೌಡರ ಹಗೇವು ತೆರೆದ ದಿನ ಚೀಲಗಳನ್ನು ಇಳಿಸಿ ಬೆಳಗೆಲ್ಲ ಕಾದರು. ಆಮೇಲೆ ಇಳಿಸಿದ ಕಂದೀಲು ಜೋಳದ ಮೇಲೆ ಕೂತು ನೆಟ್ಟಗೆ ಉರಿಯಿತು. ಜನ ಹೋ ಎಂದರು.

"ನಾಗಣ್ಣ, ಇನ್ನ ಗಂಟಲು ಹರಕೊಳ್ಳೋದು ಬ್ಯಾಡ. ಸುಮ್ಮನ ಕೆಲಸ ಮಾಡು" ಎಂದರು ಮೇಷ್ಟ್ರು.

ನಾಗಣ್ಣನಿಗೆ ಅಷ್ಟೇ ಸಾಕಾಗಿತ್ತು. ಹೂಂ ಎಂದು ಇಳಿದವನು ತುಟಿ ಬಿಚ್ಚಲಿಲ್ಲ. ಜೋಳದ ಬುಟ್ಟಿಗಳು ಒಂದರ ಹಿಂದೊಂದು ಮೇಲೆ ಬಂದವು. ಗಂಡನ ಜೀವಕ್ಕೆ ಭಯವಿಲ್ಲ ಎಂದರೆ ಸಂತೋಷಪಡಬೇಕಾದ ಹೂವಮ್ಮ, ಇನ್ನು ಈ ಜನ್ಮದಲ್ಲಿ ಆ ಮಾತು ಕೇಳುವುದಿಲ್ಲವಲ್ಲ ಎಂದು ದುಃಖಪಟ್ಟಳು. ತನ್ನ ಆಸೆಗೆ ತಾನೇ ನಾಚಿಕೊಂಡಳು.

ಆಮೇಲೆ ಬುಟ್ಟಿ ಬರುವುದು ತಡವಾಯಿತು.

"ಏನ್ರೀ, ಓ ಅನ್ರಿ" ಎಂದು ಕೂಗಿದಳು. ಉತ್ತರವಿಲ್ಲ.

"ತುಂಬತಿರಬೇಕಮ್ಮ. ದೀಪ ಉರಿಯಾಕತ್ತೈತಿ, ಭಯ ಬ್ಯಾಡ" ಎಂದರು ಮೇಷ್ಟ್ರು.

"ಬ್ಯಾಡ ಅಂದ ಮ್ಯಾಲ ಭಾವ ಮಾತಾಡ್ತಾನೇನಕ್ಕಾ?" ಎಂದು ಬಜಾರಪ್ಪ ನಕ್ಕ.

ಹೂವಮ್ಮ ಇಬ್ಬರ ಮಾತಿಗೂ ಕಿವಿಗೊಡಲಿಲ್ಲ. ಕಾಲು ಊರಿ ಎಳೆದಳು. ಹಗ್ಗ ಭಾರವಾಗಿ ಬಂತು, ಜೀವವಿದ್ದವನು ಏರುವಂತೆ ಬರಲಿಲ್ಲ. ಬಜಾರಪ್ಪನ ನಗು ಆರಿಹೋಗಿ ಎಳೆ ಎಳೆ ಎನ್ನಲು ಬಾಯಿಗೆ ತೆಲುಗು ಬಂತು: "ಲಾಗು! ಲಾಗು!" ಮೇಷ್ಟ್ರೂ ಓಡಿ ಬಂದು ಹಗ್ಗಕ್ಕೆ ಕೈ ಹಾಕಿದರು.

ಮೇಲೆ ಬಂದ ನಾಗಣ್ಣನ ಮುಖ ನೀಲಿಗಟ್ಟಿತ್ತು. ಬೇವಿನ ನೆರಳಲ್ಲಿ ಮಲಗಿಸಿ, ಎದೆ ನೀವಿ, ಗಾಳಿ ಬೀಸಿದರು. ಬಹಳ ಹೊತ್ತಿಗೆ ಒಂದು ದೊಡ್ಡ ಉಸಿರು ಎಳೆದುಕೊಂಡು ಕೆಮ್ಮಿದ. ಮೇಷ್ಟ್ರು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತರು. ಗೋಣಿಚೀಲಗಳು ಜೋಳದ ಮೇಲಿನ ಗಾಳಿಯನ್ನು ಶುದ್ಧ ಮಾಡಿದ್ದವು, ದೀಪ ಹೇಳಿದ್ದೂ ಅಷ್ಟನ್ನೇ. ಕಾಳಿನ ಸಂದಿಸಂದಿಯಲ್ಲಿ ಅಡಗಿದ್ದ ಗಾಳಿ, ನಾಗಣ್ಣ ಗುಳಿ ತೋಡಿ ಬಗ್ಗಿದಾಗ ಅವನ ಮುಖಕ್ಕೇ ಬಂದಿತ್ತು. "ಬುದ್ಧಿಗೆ ಹೊಳೀಲಿಲ್ಲವ್ವಾ" ಎಂದು ಅವರು ಮಗುವಿನಂತೆ ಅತ್ತರು. ಹೂವಮ್ಮನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. "ಅಳಬ್ಯಾಡ್ರಿ ಮೇಷ್ಟ್ರೇ. ಇನ್ನೂ ಚೊಲೋ ಮಾಡಿ ತರ್ರಿ" ಎಂದಳು.

ಜನ ಸರಿದ ಮೇಲೆ ನಾಗಣ್ಣ ಆಕೆಯ ಅಂಗೈ ಬಿಡಿಸಿ ನೋಡಿದ. ಹಗ್ಗ ಚರ್ಮ ಕಿತ್ತಿತ್ತು.

"ನಾ ಸುಮ್ಮನಿರಾಂವ ಅಂತ ಗೊತ್ತಿಲ್ಲೇನ? ಮನ್ಯಾಗ ದಿನಾ ಸುಮ್ಮನ ಇರತೀನಿ. ಇವತ್ತ್ ಹೆಂಗ ತಿಳೀತ ನಿನಗ?"

ಹೂವಮ್ಮ ಕಣ್ಣೊರೆಸಿಕೊಂಡಳು.

"ಮನ್ಯಾಗ ನೂರು ವರ್ಷ ಸುಮ್ಮನಿರ್ರಿ, ನಂದೇನೂ ಇಲ್ಲ. ಅಲ್ಲಿ ನಿಮ್ಮ ಉಸಿರರ ಕೇಳಸ್ತೈತಿ, ಹಗೇವಿನ್ಯಾಗ ಅದೂ ಕೇಳಸೂದಿಲ್ಲ."